ಇರೋ ಹೆಡ್‌ಫೋನೇ ಸಾಕಾ, ಇಲ್ಲಾ ಎಚ್‌ಡಿ 600 ತಗೊಳ್ಳೋದಾ?

ಎಡಗಿವಿ_ಬಲಗಿವಿ
ಆಡಿಯೋ-ಟೆಕ್ನಿಕಾ ಎಂ50ಎಕ್ಸ್ ಇದೆ, ನಾಲ್ಕು ವರ್ಷ ಹಳೇದು. ದಿನಾ ಮೂರು ಗಂಟೆ ಕೇಳೋದು: ಕರ್ನಾಟಕ ಸಂಗೀತ, ಹಳೇ ಸಿನಿಮಾ ಹಾಡು, ಸ್ವಲ್ಪ ಎಲೆಕ್ಟ್ರಾನಿಕ್. ಮೊದಲಿದ್ದ ಬೇಸ್ ಈಗಿಲ್ಲ. ಗಾಯಕರ ದನಿ ನಡುವೆ ನಿಲ್ಲದೆ ಸ್ವಲ್ಪ ಎಡಕ್ಕೆ ವಾಲಿದ ಹಾಗಿದೆ. ರಿವ್ಯೂ ನೋಡಿದಷ್ಟೂ ಸೆನ್‌ಹೈಸರ್ ಎಚ್‌ಡಿ 600 ಕಡೆ ಮನಸ್ಸು ಎಳೀತಿದೆ, ಅದಕ್ಕೆ ಆಂಪ್ (ಸಿಗ್ನಲ್‌ಗೆ ಶಕ್ತಿ ತುಂಬೋ ಡಬ್ಬಿ) ಬೇರೆ ಬೇಕಂತೆ. ಅಪ್‌ಗ್ರೇಡ್ ಮಾಡ್ಲಾ, ಇರೋದ್ರಲ್ಲೇ ಹಾಯಾಗಿರ್ಲಾ? ಫೋನಲ್ಲಿ ಹೆಡ್‌ಫೋನ್ ಜಾಕ್ ಇಲ್ಲ, ಡಾಂಗಲ್ ಅನ್ನೋ ಪುಟ್ಟ ಅಡಾಪ್ಟರ್ ಬಳಸೋದು. ಕನ್ನಡಕ ಹಾಕ್ತೀನಿ.

ಖಾಲಿ_ಜೇಬು
ತಗೊಳ್ಳಿ ಗುರು. ಆಮೇಲೆ 650 ಬೇಕು ಅನ್ಸುತ್ತೆ, ಆಮೇಲೆ 800. ಬನ್ನಿ ಬನ್ನಿ, ಚಾಪೆ ಹಾಸಿದೀವಿ.

ಧಾರವಾಡ_ಫೇಡೆ
ಬ್ಯಾಡ್ರಿ. ಮದ್ಲ ಪ್ಯಾಡ್ ನೋಡ್ರಿ. ನಾಕ್ ವರ್ಷ ಆಗೇದ ಅಂದ್ರ ಅವು ಒಣಾ ಹಪ್ಪಳ ಆಗಿರ್ತಾವ.

ಡೆಸಿಬೆಲ್_ದಾಸ
ಧಾರವಾಡದವರು ಹೇಳಿದ್ದು ಸರಿ. ಕ್ಲೋಸ್ಡ್, ಅಂದ್ರೆ ಕಪ್ ಹಿಂದೆ ಮುಚ್ಚಿರೋ ಹೆಡ್‌ಫೋನಿನ ಬೇಸ್ ನಿಂತಿರೋದೇ ಪ್ಯಾಡ್ ಮತ್ತು ಚರ್ಮದ ನಡುವಿನ ಸೀಲ್ ಮೇಲೆ. ಅಲ್ಲಿ ಗಾಳಿ ಸೋರಿದ್ರೆ ಮೊದಲು ಮಾಯವಾಗೋದು ಕೆಳಗಿನ ಬೇಸ್. ಪರೀಕ್ಷೆ ಎರಡು ನಿಮಿಷದ್ದು. ಯಾವುದಾದ್ರೂ ಟೋನ್ ಜನರೇಟರ್ ಆಪ್‌ನಲ್ಲಿ 40 ಹರ್ಟ್ಸ್ ಸೈನ್ ಟೋನ್ ಹಾಕಿ, ದನಿ ಕಮ್ಮಿ ಇರಲಿ. ಎರಡೂ ಕಪ್ ಮೇಲೆ ಅಂಗೈ ಇಟ್ಟು ತಲೆ ಕಡೆ ಮೆಲ್ಲಗೆ ಒತ್ತಿ. ಒತ್ತಿದ ತಕ್ಷಣ ಗುಂಯ್ ಅನ್ನೋದು ದಪ್ಪ ಆಯ್ತು ಅಂದ್ರೆ ಸೋರ್ತಿದೆ. ಆಮೇಲೆ ಕನ್ನಡಕ ತೆಗೆದು ಮತ್ತೆ ಕೇಳಿ. ಅಷ್ಟಕ್ಕೇ ಬೇಸ್ ವಾಪಸ್ ಬಂದ್ರೆ ತಪ್ಪು ಕನ್ನಡಕದ ಕಡ್ಡೀದು. ಹೊಸ ಮೆತ್ತನೆ ಪ್ಯಾಡ್ ಕಡ್ಡಿ ಸುತ್ತ ಹೊಂದ್ಕೊಳ್ಳುತ್ತೆ, ಗಟ್ಟಿಯಾದ ಹಳೇ ಪ್ಯಾಡ್ ಕಡ್ಡಿ ಮೇಲೆ ಸೇತುವೆ ಥರ ನಿಲ್ಲುತ್ತೆ.

ಇನ್ನೊಂದು ಮಾತು. ಬೇಸ್ ಕಮ್ಮಿ ಆಯ್ತು ಅಂತ ಎಚ್‌ಡಿ 600 ತಗೊಳ್ಳೋದು ಅಂದ್ರೆ ಬಾಯಾರಿಕೆಗೆ ಉಪ್ಪಿನಕಾಯಿ ತಿಂದ ಹಾಗೆ. ಅದು ಓಪನ್, ಕಪ್ ಹಿಂದೆ ಬರೀ ಜಾಲರಿ, ಸುಮಾರು 100 ಹರ್ಟ್ಸ್‌ನಿಂದ ಕೆಳಕ್ಕೆ ಬೇಸ್ ಇಳೀತಾ ಹೋಗುತ್ತೆ. ನಿಮ್ಮ ಎಲೆಕ್ಟ್ರಾನಿಕ್ ಹಾಡಿಗೆ ಅದು ಇನ್ನೂ ಸಪ್ಪೆ.

ರಾಗ_ರೋಗಿ
ಆದ್ರೆ ಗಾಯನಕ್ಕೆ, ವೀಣೆಗೆ ಎಚ್‌ಡಿ 600ರ ಮಿಡ್ (ಬೇಸ್, ಟ್ರೆಬಲ್ ನಡುವಿನ ಸದ್ದು) ಮುಂದೆ ಎಂ50ಎಕ್ಸ್ ನಿಲ್ಲಲ್ಲ. 1997ರಲ್ಲಿ ಬಂದ ಮಾಡೆಲ್ ಇವತ್ತಿಗೂ ಮಾರಾಟದಲ್ಲಿದೆ ಅಂದ್ರೆ ಸುಮ್ನೆ ಅಲ್ಲ. ತಂಬೂರಿಯ ಜೀವಾಳಿ, ಗಮಕದಲ್ಲಿ ಸ್ವರ ಜಾರೋ ದಾರಿ, ಇದೆಲ್ಲ ಮಿಡ್‌ನಲ್ಲೇ ಇರೋದು. ಕರ್ನಾಟಕ ಸಂಗೀತ ಕೇಳೋರಿಗೆ 30 ಹರ್ಟ್ಸ್ ಯಾಕೆ?

ಡೆಸಿಬೆಲ್_ದಾಸ
ಒಪ್ಪಿದೆ. ಆದ್ರೆ ಅವರು ಹೇಳಿದ ದೂರು ಮಿಡ್ ಬಗ್ಗೆ ಅಲ್ಲವಲ್ಲ? ಬೇಸ್ ಹೋಯ್ತು, ದನಿ ವಾಲಿದೆ ಅಂದ್ರು. ಎರಡೂ ರಿಪೇರಿ ಮಾತು.

ಕರಾವಳಿ_ಕಿವಿ
ನಮ್ಮ ಕಡೆ ಪ್ಯಾಡ್ ನಾಲ್ಕು ವರ್ಷ ಬಂದದ್ದೇ ದೊಡ್ಡದು ಮಾರಾಯ್ರೆ. ಪ್ರೋಟೀನ್ ಲೆದರ್ ಅಂತ ಹೇಳುವುದು ಅಸಲಿಗೆ ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್. ಗಾಳಿಯ ತೇವ ಅದರ ಅಣುಗಳ ಬಂಧವನ್ನೇ ಕತ್ತರಿಸುತ್ತದೆ, ಸೆಖೆ ಇದ್ದರೆ ಇನ್ನೂ ಬೇಗ. ಅದಕ್ಕೇ ಕಪ್ಪು ಹೊಟ್ಟು ಉದುರಿ ಕಿವಿಗೆ ಅಂಟುವುದು. ಬೆವರು, ತಲೆಗೆ ಹಾಕಿದ ತೆಂಗಿನೆಣ್ಣೆ ಸೇರಿದರೆ ಮುಗಿಯಿತು.

ಕೇಳಿ ಆದ ಮೇಲೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಲಿಕ್ಕೆ ಬಿಡಿ. ಸ್ಪಿರಿಟ್ ಹಾಕಬೇಡಿ, ಬೇಗ ಬಿರಿಯುತ್ತದೆ. ಮಳೆಗಾಲದಲ್ಲಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮತ್ತೆ, ಮುಂದಕ್ಕೆ ಬೇಕಾದೀತು ಅಂತ ಎರಡು ಮೂರು ಜೊತೆ ತೆಗೆದಿಡಬೇಡಿ. ಪೊಟ್ಟಣದೊಳಗೇ ಕೂತು ಹಾಳಾಗುತ್ತವೆ.

ಖಾಲಿ_ಜೇಬು
ವೆಲ್ವೆಟ್ ಪ್ಯಾಡ್ ಹಾಕಿದ್ರೆ ಹೊಟ್ಟು ಉದುರೋ ಗೋಜೇ ಇಲ್ಲ, ಬೆವರೂ ಕಮ್ಮಿ.

ಕರಾವಳಿ_ಕಿವಿ
ಸೆಖೆಗೆ ಒಳ್ಳೇದೇ. ಆದರೆ ವೆಲ್ವೆಟ್ ಥರದ ಆ ವೆಲೂರ್ ಬಟ್ಟೆಯ ಮೂಲಕ ಗಾಳಿ ಆಡುತ್ತದೆ. ಚರ್ಮದ ಪ್ಯಾಡಿಗೆ ಅಂತ ಹೊಂದಿಸಿದ ಕ್ಲೋಸ್ಡ್ ಹೆಡ್‌ಫೋನಿಗೆ ಅದನ್ನು ಹಾಕಿದರೆ ಬೇಸ್ ಮತ್ತೆ ಹೋಯಿತು. ಬೇಯರ್‌ಡೈನಾಮಿಕ್ ಡಿಟಿ 770ಕ್ಕೆ ಕಂಪನಿಯೇ ವೆಲೂರ್ ಕೊಡುತ್ತದೆ, ಯಾಕೆಂದರೆ ಅದರ ಲೆಕ್ಕವೇ ಹಾಗೆ ಮಾಡಿದ್ದು. ಎಂ50ಎಕ್ಸ್‌ಗೆ ಅದೇ ನಿಯಮ ನಡೆಯುವುದಿಲ್ಲ. ದಪ್ಪ ಪ್ಯಾಡ್ ಕೂಡ ಹಾಗೇ: ಡ್ರೈವರ್, ಅಂದರೆ ಒಳಗಿನ ಸ್ಪೀಕರ್, ಕಿವಿಯಿಂದ ದೂರ ಆಗಿ ಶಬ್ದವೇ ಬೇರೆ ಆಗುತ್ತದೆ.

ಎಸ್‌ಪಿ_ರೋಡ್_ಸೋಲ್ಡರ್
ದನಿ ಎಡಕ್ಕೆ ವಾಲೋ ವಿಷಯ ಯಾರೂ ಮುಟ್ಟಿಲ್ಲ. ಇಲ್ಲಿ ಕೇಳಿ.

ಮೊದಲು ಫೋನಿನ ಆಕ್ಸೆಸಿಬಿಲಿಟಿ ಮೆನು. ಅಲ್ಲಿ ಎಡ-ಬಲ ಬ್ಯಾಲೆನ್ಸ್ ಗೆರೆ ಇರುತ್ತೆ, ಬೆರಳು ತಾಗಿ ಸರಿದಿರಬಹುದು. ನಡುವೆ ತನ್ನಿ. ಪಕ್ಕದಲ್ಲೇ ಮೊನೊ ಆಡಿಯೋ ಅಂತ ಇರುತ್ತೆ, ಅದನ್ನ ಆನ್ ಮಾಡಿ. ಈಗ ಯಾವ ಹಾಡು ಹಾಕಿದ್ರೂ ದನಿ ಹುಬ್ಬುಗಳ ನಡುವೆ ಸೂಜಿ ಚುಚ್ಚಿದ ಹಾಗೆ ನಿಲ್ಲಬೇಕು. ನಿಲ್ಲಲಿಲ್ವಾ? ಹೆಡ್‌ಫೋನ್ ತಿರುಗಿಸಿ ಹಾಕಿ, ಎಡದ ಕಪ್ ಬಲಗಿವಿಗೆ. ಆಗ್ಲೂ ಎಡಕ್ಕೇ ವಾಲಿದ್ರೆ ಹೆಡ್‌ಫೋನ್ ಬಿಡಿ, ಬಲಗಿವಿಯಲ್ಲಿ ಗುಗ್ಗೆ ತುಂಬಿದ್ಯಾ ಅಂತ ಡಾಕ್ಟರ್‌ಗೆ ತೋರಿಸಿ. ಈಗ ಬಲಕ್ಕೆ ವಾಲಿದ್ರೆ ತಪ್ಪು ಹೆಡ್‌ಫೋನಲ್ಲೋ ಡಾಂಗಲಲ್ಲೋ ಇದೆ. ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದ್ರೆ ಅದೂ ಬೇರೆಯಾಗುತ್ತೆ.

ಎಂ50ಎಕ್ಸ್‌ಗೆ ವೈರ್ ಬರೋದು ಎಡ ಕಪ್‌ಗೆ ಮಾತ್ರ. ಬಲಗಡೆ ಡ್ರೈವರ್‌ಗೆ ಹೋಗೋ ತಂತಿ ತಲೆಪಟ್ಟಿ ಒಳಗಿಂದ, ಮಡಚೋ ಕೀಲು ದಾಟಿ ಹೋಗುತ್ತೆ. ಹಾಗಾಗಿ ಎಡಕ್ಕೆ ವಾಲೋದು ಅಂದ್ರೆ ಬಲಕ್ಕೆ ಕರೆಂಟ್ ಕಮ್ಮಿ ಹೋಗ್ತಿದೆ ಅನ್ನೋ ಅನುಮಾನ ಸಹಜ. ಮಲ್ಟಿಮೀಟರನ್ನ 200 ಓಮ್ ರೇಂಜ್‌ನಲ್ಲಿಡಿ. ಹೆಡ್‌ಫೋನ್ ಕೇಬಲ್ ಹಾಕಿದ ಹಾಗೇ ಇರಲಿ, ಪಿನ್ನಿನ ತುದಿ ಮತ್ತು ಬುಡದ ನಡುವೆ ಅಳೆಯಿರಿ, ಅದು ಎಡ. ನಡು ಉಂಗುರ ಮತ್ತು ಬುಡದ ನಡುವೆ ಅಳೆಯಿರಿ, ಅದು ಬಲ. ಎರಡೂ 38 ಓಮ್ ಆಸುಪಾಸು, ಒಂದಕ್ಕೊಂದು ಒಂದೆರಡು ಓಮ್ ಒಳಗೆ ಇರಬೇಕು. ಬಲದ್ದು 45 ತೋರಿಸಿದ್ರೆ ಎಲ್ಲೋ 7 ಓಮ್ ಕೆಟ್ಟ ಸಂಪರ್ಕ ಇದೆ, ಅಷ್ಟಕ್ಕೇ ಸುಮಾರು ಒಂದೂವರೆ ಡೆಸಿಬೆಲ್ ಇಳೀತು. ದನಿ ವಾಲೋಕೆ ಧಾರಾಳ ಸಾಕು.

ಮೀಟರ್ ನೋಡ್ತಾ ಕೀಲು ಅಲ್ಲಾಡಿಸಿ, ಆಮೇಲೆ ಕಪ್‌ನ ಕೆಳಗೆ ಕೇಬಲ್ ಸೇರೋ 2.5 ಎಂಎಂ ಪಿನ್ ತಿರುವಿ. ಯಾವುದಕ್ಕೆ ಅಂಕಿ ಕುಣಿಯುತ್ತೋ ಕಳ್ಳ ಅಲ್ಲೇ. ಪಿನ್ ಆದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ನಾಲ್ಕೈದು ಸಲ ಹಾಕಿ ತೆಗೆದು, ಲಾಕ್ ಆಗೋವರೆಗೆ ತಿರುಗಿಸಿ. ಅರ್ಧ ತಿರುಗಿ ನಿಂತಿರೋದೇ ಜಾಸ್ತಿ.

ರಾಗ_ರೋಗಿ
ಮೊನೊ ಆನ್ ಮಾಡಿ ಅಂದಿದ್ದು ಬಹಳ ಮುಖ್ಯ. 60ರ ದಶಕದ ಕನ್ನಡ ಚಿತ್ರಗೀತೆಗಳು ಮೊನೊ ರೆಕಾರ್ಡಿಂಗ್. ಅವನ್ನ ಯಾರೋ ಸ್ಟೀರಿಯೋ ಮಾಡ್ತೀನಿ ಅಂತ ಒಂದು ಕಡೆ ಬೇಸ್, ಇನ್ನೊಂದು ಕಡೆ ಟ್ರೆಬಲ್ ಹಾಕಿ ಅಪ್‌ಲೋಡ್ ಮಾಡಿರ್ತಾರೆ. ಅಂಥದ್ದು ಯಾವ ಹೆಡ್‌ಫೋನಲ್ಲೂ ವಾಲುತ್ತೆ.

ಧಾರವಾಡ_ಫೇಡೆ
ಅಂಥಾ ಹಾಡಿಗೆ ಎಷ್ಟ್ ತುಟ್ಟಿ ಹೆಡ್‌ಫೋನ್ ತಂದ್ರೂ ಟೇಪಿನ ಬುಸ್ ಬುಸ್ ಅಷ್ಟ ಚೊಲೋ ಕೇಳ್ತದ ನೋಡ್ರಿ.

ಹೈರೆಸ್_ಹನುಮ
ಎಲ್ರೂ ಸೇರಿ ಅವರ ಆಸೆಗೆ ತಣ್ಣೀರು ಎರಚ್ತಿದೀರಿ. ಬೆಲೆ ಜಾಸ್ತಿ ಆದ್ರೆ ವಿವರ ಜಾಸ್ತಿ ಕೇಳುತ್ತೆ, ಅದು ಸತ್ಯ. ಮೊದಲು ಒಳ್ಳೆ ಡ್ಯಾಕ್ (ಡಿಜಿಟಲ್ ಹಾಡನ್ನ ಅನಲಾಗ್ ಸಿಗ್ನಲ್ ಮಾಡೋದು), ಆಂಪ್ ತಗೊಳ್ಳಿ. 300 ಓಮ್ ಹೆಡ್‌ಫೋನ್ ಡಾಂಗಲ್‌ನಲ್ಲಿ ಓಡಲ್ಲ.

ಡೆಸಿಬೆಲ್_ದಾಸ
ಓಡುತ್ತೆ, ಲೆಕ್ಕ ಹಾಕೋಣ. ಎಚ್‌ಡಿ 600: 300 ಓಮ್, 1 ಮಿಲಿವ್ಯಾಟ್‌ಗೆ 97 ಡೆಸಿಬೆಲ್. 300 ಓಮ್‌ನಲ್ಲಿ 1 ಮಿಲಿವ್ಯಾಟ್ ಅಂದ್ರೆ 0.55 ವೋಲ್ಟ್. 1 ವೋಲ್ಟ್ ಕೊಟ್ರೆ 5 ಡೆಸಿಬೆಲ್ ಏರಿ ಸುಮಾರು 102. ಆಪಲ್‌ನ ಪುಟ್ಟ ಡಾಂಗಲ್, ಎ2049 ನಂಬರಿಂದು, 1 ವೋಲ್ಟ್ ಕೊಡುತ್ತೆ. ಸರಾಸರಿ 75ರಲ್ಲಿ ಕೇಳೋರಿಗೆ ಮೃದಂಗದ ಪೆಟ್ಟು 95 ಮುಟ್ಟಿದ್ರೂ ಇನ್ನೂ ಜಾಗ ಇದೆ. ಈಕ್ಯೂ (ಬೇಸ್, ಟ್ರೆಬಲ್ ಹೊಂದಿಸೋ ಈಕ್ವಲೈಸರ್) ಹಾಕಿ, ಪ್ರೀಆಂಪ್ ಅನ್ನೋ ಅದರ ಒಟ್ಟು ಮಟ್ಟ 6 ಡೆಸಿಬೆಲ್ ಇಳಿಸಿದ್ರೆ ಮಾತ್ರ ಇಕ್ಕಟ್ಟು, ಆಗ ಆಂಪ್ ಕೇಳಿ, ತಪ್ಪಿಲ್ಲ.

ಎಂ50ಎಕ್ಸ್‌ಗೆ ಬನ್ನಿ: 38 ಓಮ್, 99 ಡೆಸಿಬೆಲ್. ಅದೇ 1 ವೋಲ್ಟ್‌ಗೆ 113. ಆಂಪ್ ಪೂರ್ತಿ ದಂಡ.

ಮೂರೂವರೆ_ಎಂಎಂ
ಒಂದು ತಿದ್ದುಪಡಿ. ಯುರೋಪಿಗೆ ಹೋಗೋ ಎ2155 ಡಾಂಗಲ್ ಅರ್ಧ ವೋಲ್ಟ್ ಮಾತ್ರ, ಅಂದ್ರೆ 6 ಡೆಸಿಬೆಲ್ ಕಮ್ಮಿ. ನಂಬರ್ ವೈರ್ ಮೇಲೇ ಸಣ್ಣಕ್ಷರದಲ್ಲಿದೆ. ಜೊತೆಗೆ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಈ ಡಾಂಗಲ್‌ನ ಒಳಗಿನ ವಾಲ್ಯೂಮ್ ಕೆಳಗೇ ಸಿಕ್ಕಿಹಾಕ್ಕೊಂಡಿರುತ್ತೆ, ಫೋನ್ ಫುಲ್ ಮಾಡಿದ್ರೂ ಏರಲ್ಲ. ಅದನ್ನ ನೋಡಿ ಡಾಂಗಲ್‌ಗೆ ಶಕ್ತಿ ಇಲ್ಲ ಅಂತ ಆಂಪ್ ತರೋರು ಬಹಳ. ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೊ ಥರದ ಆಪ್ ನೇರ ಡಾಂಗಲ್ ಜೊತೆ ಮಾತಾಡಿದ್ರೆ ಸರಿಹೋಗುತ್ತೆ. ಲ್ಯಾಪ್‌ಟಾಪಲ್ಲಿ ಈ ತೊಂದರೆ ಇಲ್ಲ.

ಹೈರೆಸ್_ಹನುಮ
ಜೋರಾಗಿ ಕೇಳೋದು ಬೇರೆ, ಚೆನ್ನಾಗಿ ಕೇಳೋದು ಬೇರೆ. ಆಂಪ್ ಹಾಕಿದ್ರೆ ಕಂಟ್ರೋಲ್ ಬರುತ್ತೆ, ಬೇಸ್ ಬಿಗಿಯಾಗುತ್ತೆ.

ಡೆಸಿಬೆಲ್_ದಾಸ
ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಓಮ್‌ನಲ್ಲಿ ಅಳೆಯೋ ತಡೆ) ಜಾಸ್ತಿ ಇದ್ರೆ ಶಬ್ದ ಬದಲಾಗೋದು ನಿಜ. ಎಚ್‌ಡಿ 600ರ ಇಂಪೀಡೆನ್ಸ್ 100 ಹರ್ಟ್ಸ್ ಆಸುಪಾಸು 500 ಓಮ್ ದಾಟುತ್ತೆ, ಹಾಗಾಗಿ 100 ಓಮ್ ಔಟ್‌ಪುಟ್‌ನ ಟ್ಯೂಬ್ ಆಂಪ್‌ನಲ್ಲಿ ಅಲ್ಲಿ ಬೇಸ್ ಒಂದು ಚಮಚ ಜಾಸ್ತಿ. ಅದನ್ನ ಬೇಕಾದ್ರೆ ರುಚಿ ಅನ್ನಿ. ಡಾಂಗಲ್‌ದು ಒಂದೆರಡು ಓಮ್, ಅಲ್ಲಿ ಏನೂ ಬದಲಾಗಲ್ಲ.

ಉಳಿದದ್ದು ಬಹುಪಾಲು ವಾಲ್ಯೂಮ್ ಮಾಯೆ. ಒಂದು ಡೆಸಿಬೆಲ್ ಜೋರಿದ್ರೆ ಕಿವಿ ಅದನ್ನ ಜೋರು ಅನ್ನಲ್ಲ, ಚೆನ್ನಾಗಿದೆ ಅನ್ನುತ್ತೆ. ಡಾಂಗಲ್ ಮತ್ತು ಆಂಪ್ ಹೋಲಿಸೋದಾದ್ರೆ ಹೆಡ್‌ಫೋನ್ ಚುಚ್ಚಿದ ಹಾಗೇ 100 ಹರ್ಟ್ಸ್ ಟೋನ್ ಹಾಕಿ ಎಸಿ ವೋಲ್ಟ್ ಅಳೆಯಿರಿ. ಅಗ್ಗದ ಮೀಟರ್ 400 ಹರ್ಟ್ಸ್ ಮೇಲೆ ಸುಳ್ಳು ಹೇಳುತ್ತೆ, ಅದಕ್ಕೇ 100. ಎರಡೂ ಶೇಕಡಾ 1ರ ಒಳಗೆ ಕೂರಬೇಕು, ಅಂದ್ರೆ 0.1 ಡೆಸಿಬೆಲ್. ಆಮೇಲೆ ಬೇರೆಯವರ ಕೈಲಿ ಬದಲಾಯಿಸೋಕೆ ಹೇಳಿ, ನೀವು ನೋಡಬೇಡಿ. 16 ಸಲದಲ್ಲಿ 12 ಸರಿ ಹೇಳಿದ್ರೆ ನಿಮ್ಮ ಮಾತಿಗೆ ತೂಕ ಇದೆ.

ಖಾಲಿ_ಜೇಬು
16 ಸಲ ಬದಲಾಯಿಸೋ ಅಷ್ಟು ತಾಳ್ಮೆ ಯಾರಿಗಿದೆ ಮನೇಲಿ?

ಅಂಕಿ_ಅಂಶ_ಅಣ್ಣ
ಬೆಲೆಯ ವಿಷಯಕ್ಕೆ: ಸಂಶೋಧಕ ಜೆರೋನ್ ಬ್ರೀಬಾರ್ಟ್ 2017ರಲ್ಲಿ 283 ಹೆಡ್‌ಫೋನ್‌ಗಳ ಫ್ರೀಕ್ವೆನ್ಸಿ ರೆಸ್ಪಾನ್ಸ್ (ಬೇಸ್‌ನಿಂದ ಟ್ರೆಬಲ್‌ವರೆಗೆ ಯಾವುದು ಎಷ್ಟು ಜೋರು ಅನ್ನೋದು) ಅಳತೆ ಮಾಡಿದ ಲೇಖನ ಅಮೆರಿಕದ ಅಕೌಸ್ಟಿಕ್ಸ್ ಸೊಸೈಟಿ ಪತ್ರಿಕೆಯಲ್ಲಿ ಬಂದಿತ್ತು. ಬೆಲೆಗೂ ರೆಸ್ಪಾನ್ಸ್‌ಗೂ ನಂಟು ಸಿಗಲಿಲ್ಲ, ಶೀರ್ಷಿಕೆಯಲ್ಲೇ ಹಾಗೆ ಬರೆದಿದ್ದಾರೆ.

ಹೈರೆಸ್_ಹನುಮ
ಅದು ರೆಸ್ಪಾನ್ಸ್ ಮಾತ್ರ. ಕೀಲು, ತೂಕ, ಮೆತ್ತನೆ, ಬಿಡಿಭಾಗ ಸಿಗೋದು ಇದನ್ನೆಲ್ಲ ಆ ಲೇಖನ ಅಳೆದಿಲ್ಲ.

ಅಂಕಿ_ಅಂಶ_ಅಣ್ಣ
ಖಂಡಿತ ಅಳೆದಿಲ್ಲ. ಆದ್ರೆ ನೀವು ಹೇಳಿದ್ದು ‘ವಿವರ’, ಕೀಲು ಅಲ್ಲ.

ಎಸ್‌ಪಿ_ರೋಡ್_ಸೋಲ್ಡರ್
ಬಿಡಿಭಾಗದ ವಿಷಯದಲ್ಲಿ ಹನುಮ ಅವರ ಪರ ನಾನು. ಎಚ್‌ಡಿ 600ರಲ್ಲಿ ಪ್ಯಾಡ್, ತಲೆಪಟ್ಟಿಯ ಮೆತ್ತೆ, ಕೇಬಲ್, ಜಾಲರಿ, ಡ್ರೈವರ್‌ ಕೂಡ ಎಳೆದು ತೆಗೆದು ಹೊಸದು ಕೂರಿಸಬಹುದು, ಬಹುಪಾಲಿಗೆ ಸ್ಕ್ರೂಡ್ರೈವರೇ ಬೇಡ. ಅದಕ್ಕೆ ದುಡ್ಡು ಕೊಡೋದಾದ್ರೆ ಕೊಡಿ. ಕೇಬಲ್ ಕಳಚಲು ಬರದ ಹೆಡ್‌ಫೋನ್‌ಗಳ ಪಿನ್ ಬದಲಾಯಿಸೋದು ಎಂಥ ತಲೆನೋವು ಅಂತ ಗೊತ್ತಿದ್ದವರಿಗೆ ಗೊತ್ತು.

ಮೂರೂವರೆ_ಎಂಎಂ
ವಿಷಯ ಬಂತು ಅಂತ ಕೇಳ್ತೀನಿ. ಆ ತಂತಿಗೆ ಸೋಲ್ಡರ್ ಯಾಕೆ ಹಿಡಿಯಲ್ಲ? ಉರುಳಿ ಬಿದ್ದುಹೋಗುತ್ತೆ.

ಎಸ್‌ಪಿ_ರೋಡ್_ಸೋಲ್ಡರ್
ಒಳಗಿನ ಕೂದಲೆಳೆ ತಂತಿಗೆ ಬಣ್ಣದ ವಾರ್ನಿಷ್ ಇರುತ್ತೆ, ಅದು ಸುಟ್ಟುಹೋಗದೆ ತಾಮ್ರ ಸಿಗಲ್ಲ. ಲೈಟರ್ ಹಿಡೀಬೇಡಿ, ಒಳಗಿನ ನೈಲಾನ್ ದಾರ ಕರಗಿ ಕೊಳೆ ಆಗುತ್ತೆ. ಐರನ್ 370 ಡಿಗ್ರಿಗೆ ಇಟ್ಟು, ತುದಿಯಲ್ಲಿ ಸೋಲ್ಡರಿನ ಒಂದು ದಪ್ಪ ಹನಿ ಮಾಡಿ, ಫ್ಲಕ್ಸ್ ಹಚ್ಚಿದ ತಂತಿಯನ್ನ ಆ ಹನಿಯೊಳಗೆ ನಾಲ್ಕೈದು ಸೆಕೆಂಡ್ ಮುಳುಗಿಸಿ. ಹೊಗೆ ಬಂದು ತಂತಿ ಬೆಳ್ಳಗಾದ್ರೆ ಆಯ್ತು. ಸಾಮಾನ್ಯವಾಗಿ ಕೆಂಪು ಬಲ, ಹಸಿರು ಇಲ್ಲಾ ನೀಲಿ ಎಡ, ಬಣ್ಣ ಇಲ್ಲದ್ದು ಗ್ರೌಂಡ್. ಆದ್ರೂ ಮೀಟರ್ ಇಟ್ಟು ನೋಡಿ. ಹಳೇ ಪಿನ್ನಿನ ಬುಡದಿಂದ 3 ಸೆಂಟಿಮೀಟರ್ ಬಿಟ್ಟೇ ಕತ್ತರಿಸಿ, ತುಂಡಾಗಿರೋದು ಅಲ್ಲೇ.

ಎಲ್ಲಕ್ಕಿಂತ ಮೊದಲು ಹೊಸ ಪಿನ್ನಿನ ಕವಚವನ್ನ ವೈರಿಗೆ ಪೋಣಿಸಿಕೊಳ್ಳಿ. ಬೆಸುಗೆ ಎಲ್ಲ ಮುಗಿದ ಮೇಲೆ ಕವಚ ಮೇಜಿನ ಮೇಲೆ ಕೂತು ನಗ್ತಿರುತ್ತೆ.

ಧಾರವಾಡ_ಫೇಡೆ
ಇದು ಆಗದ ಮನುಷ್ಯಾ ಇನ್ನೂ ಹುಟ್ಟಿಲ್ಲ 😄

ಚೆಂಡೆ_ಪೆಟ್ಟು
ರಿಪೇರಿ ಆದ ಮೇಲೆ ಈಕ್ಯೂ ಹೇಳಿಕೊಡಿ ಅವರಿಗೆ. ವಿಂಡೋಸ್‌ಗೆ ಈಕ್ವಲೈಸರ್ ಎಪಿಒ, ಆಂಡ್ರಾಯ್ಡ್‌ಗೆ ವೇವ್ಲೆಟ್. ವೇವ್ಲೆಟ್ ಒಳಗೆ ಆಟೋಈಕ್ಯೂ ಅನ್ನುವ, ಹೆಡ್‌ಫೋನ್‌ಗಳನ್ನು ಅಳೆದು ಮಾಡಿದ ಈಕ್ಯೂಗಳ ಪಟ್ಟಿ ಇದೆ, ಮಾಡೆಲ್ ಹೆಸರು ಹುಡುಕಿ ಒತ್ತಿದರೆ ಮುಗಿಯಿತು. ಆದರೆ ಆ ಅಳತೆಗಳನ್ನು ತೆಗೆದದ್ದು ಒಳ್ಳೆ ಸ್ಥಿತಿಯ ಕಂಪನಿ ಪ್ಯಾಡ್ ಹಾಕಿ. ಹರಿದ ಪ್ಯಾಡಿಗೋ ಬೇರೆ ಪ್ಯಾಡಿಗೋ ಅದೇ ಈಕ್ಯೂ ಹಾಕಿದರೆ ಕೆಡುತ್ತದೆ. ಎಪಿಒದಲ್ಲಿ ಕೈಯಾರೆ ಮಾಡುವುದಾದರೆ, ಯಾವ ಬ್ಯಾಂಡನ್ನು ಎಷ್ಟು ಏರಿಸಿದಿರೋ ಪ್ರೀಆಂಪನ್ನು ಅಷ್ಟು ಇಳಿಸಿ. ಬೇಸ್ +5 ಅಂದರೆ ಪ್ರೀಆಂಪ್ -5. ಮರೆತರೆ ಜೋರು ಭಾಗದಲ್ಲಿ ಪರಪರ ಅನ್ನುತ್ತದೆ, ಜನ ಡ್ರೈವರ್ ಹರಿಯಿತು ಅಂದುಕೊಳ್ಳುತ್ತಾರೆ.

ಯಕ್ಷಗಾನದ ಚೆಂಡೆ, ಜಾಗಟೆ ಕೇಳುವಾಗ ಕಿವಿ ಚುಚ್ಚಿದರೆ 5ರಿಂದ 10 ಕಿಲೋಹರ್ಟ್ಸ್‌ವರೆಗೆ ಟೋನನ್ನು ನಿಧಾನ ಜಾರಿಸಿ, ವಾಲ್ಯೂಮ್ ಕಮ್ಮಿ ಇಟ್ಟು. ಎಲ್ಲಿ ಫಕ್ಕನೆ ಚೂಪಾಗುತ್ತದೋ ಅಲ್ಲಿ ಕ್ಯೂ (ಇಳಿಸುವ ಜಾಗ ಎಷ್ಟು ಕಿರಿದು ಅನ್ನುವುದು) 3 ಇಟ್ಟು 3 ಡೆಸಿಬೆಲ್ ಇಳಿಸಿ. ಒಂದೇ ಜಾಗ ಸಾಕು. ಹತ್ತು ಕಡೆ ಕುಯ್ದರೆ ಭಾಗವತರ ದನಿ ಕಂಬಳಿ ಹೊದ್ದ ಹಾಗಾಗುತ್ತದೆ.

ರಾಗ_ರೋಗಿ
ಈಕ್ಯೂ ಎಲ್ಲ ಮಾಡಲ್ಲ ಸ್ವಾಮಿ. ಓಪನ್ ಹೆಡ್‌ಫೋನಿನ ಬಯಲು ಅನುಭವ ಕ್ಲೋಸ್ಡ್‌ನಲ್ಲಿ ಬರಲ್ಲ.

ಚೆಂಡೆ_ಪೆಟ್ಟು
ಬರುವುದಿಲ್ಲ, ಒಪ್ಪಿದೆ. ಬಯಲು ಅಂದ ಮೇಲೆ ಫ್ಯಾನು, ಕುಕ್ಕರ್ ಸೀಟಿ, ಪಕ್ಕದ ಮನೆ ಟಿವಿ ಎಲ್ಲ ಒಳಗೆ. ನಿಮ್ಮ ಹಾಡೂ ಪಕ್ಕದವರಿಗೆ ಕೇಳುತ್ತದೆ. ಕೋಣೆ ಎಷ್ಟು ಸದ್ದಿಲ್ಲದ್ದು ಅನ್ನುವುದು ಮೊದಲ ಪ್ರಶ್ನೆ.

ಎಡಗಿವಿ_ಬಲಗಿವಿ
ಫ್ಯಾನ್ ಇಲ್ಲದೆ ಕೂರೋಕಾಗಲ್ಲ. ಬಸ್ಸಲ್ಲೂ ಹಾಕ್ತೀನಿ.

ಡೆಸಿಬೆಲ್_ದಾಸ
ಬಸ್ಸಲ್ಲಿ ಎಚ್‌ಡಿ 600? ಕಂಡಕ್ಟರ್‌ಗೂ ಒಂದು ಟಿಕೆಟ್ ತಗೊಳ್ಳಿ. ಮತ್ತೆ, ಬಸ್ಸಿನ ಗದ್ದಲ ದಾಟಿಸೋಕೆ ವಾಲ್ಯೂಮ್ ಏರಿಸ್ತಾ ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ, 3 ಏರಿದ್ರೆ ಅವಧಿ ಅರ್ಧ. ನಿಮ್ಮದು ವಾರಕ್ಕೆ 21 ಗಂಟೆ, ಅಂದ್ರೆ 83ಕ್ಕೇ ಕೋಟಾ ಮುಗೀತು. ಇದಕ್ಕೆ ಅಪ್‌ಗ್ರೇಡ್ ಇಲ್ಲ.

ಖಾಲಿ_ಜೇಬು
ಬಸ್ಸಿಗೆ ಬ್ಲೂಟೂತ್ ಮೊಗ್ಗು (ಇಯರ್‌ಬಡ್) ಸಾಕಪ್ಪ.

ಎಸ್‌ಪಿ_ರೋಡ್_ಸೋಲ್ಡರ್
ಸಾಕು, ಆದ್ರೆ ಅದರಲ್ಲಿ ತೃಪ್ತಿಗೂ ಎಕ್ಸ್‌ಪೈರಿ ಡೇಟ್ ಇದೆ. ಒಳಗಿನ ಬ್ಯಾಟರಿ 50 ಮಿಲಿಆಂಪ್-ಅವರ್ ಆಸುಪಾಸು, ದಿನಾ ಚಾರ್ಜಾದ್ರೆ ಎರಡು ಮೂರು ವರ್ಷಕ್ಕೆ ಅರ್ಧ. ಕೆಲವದರಲ್ಲಿ 1254 ಅಳತೆಯ ಗುಂಡು ಸೆಲ್ ಇರುತ್ತೆ: 12 ಎಂಎಂ ಅಗಲ, 5.4 ದಪ್ಪ. ಅದು ಬದಲಾಗುತ್ತೆ, ಉಳಿದವು ಅಂಟು ಹಾಕಿ ಮುಚ್ಚಿರೋದು.

ಹೈರೆಸ್_ಹನುಮ
ಒಟ್ನಲ್ಲಿ ನಿಮ್ಮದೆಲ್ಲ ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಉಪದೇಶ.

ಕರಾವಳಿ_ಕಿವಿ
ಅಲ್ಲ ಮಾರಾಯ್ರೆ. ಹೊಸ ಹಾಸಿಗೆ ತರುವ ಮೊದಲು ಇದ್ದದ್ದನ್ನು ಒಮ್ಮೆ ಕೊಡವಿ ನೋಡಿ, ತಿಗಣೆ ಉಂಟಾ ಅಂತ. ಆಮೇಲೆ ಬೇಕಾದರೆ ಮಂಚವನ್ನೂ ತನ್ನಿ.

ರಾಗ_ರೋಗಿ
ಹನುಮ ಅವರ ಮಾತಲ್ಲೂ ಹುರುಳಿದೆ. ತಲೆ ನೋಯುತ್ತೆ, ಕಿವಿ ಕಪ್ ಒಳಗೆ ಹಿಡಿಯಲ್ಲ, ಶಾಂತ ಕೋಣೆ ಇದೆ: ಇದರಲ್ಲಿ ಒಂದಿದ್ರೂ ಬದಲಾಯಿಸೋಕೆ ಕಾರಣ ಆಯ್ತು. ಏನು ಸರಿಯಿಲ್ಲ ಅಂತ ಒಂದು ವಾಕ್ಯದಲ್ಲಿ ಬರೆಯೋಕೆ ಬಂದ್ರೆ ತಗೊಳ್ಳಿ. ‘ರಿವ್ಯೂನಲ್ಲಿ ಹೊಗಳಿದ್ರು’ ಅನ್ನೋ ವಾಕ್ಯ ಲೆಕ್ಕಕ್ಕಿಲ್ಲ.

ಎಡಗಿವಿ_ಬಲಗಿವಿ
ಎಲ್ಲ ಮಾಡಿ ನೋಡಿದೆ. 40 ಹರ್ಟ್ಸ್‌ನಲ್ಲಿ ಕಪ್ ಒತ್ತಿದ್ರೆ ಬೇಸ್ ದುಪ್ಪಟ್ಟು. ಮೀಟರ್‌ನಲ್ಲಿ ಎಡ 38, ಬಲ 44, ಪಿನ್ ತಿರುವಿದ್ರೆ ಅಂಕಿ ಕುಣಿಯುತ್ತೆ. ಒರೆಸಿ ಲಾಕ್ ಮಾಡಿದ ಮೇಲೆ ಎರಡೂ 38. ದನಿ ನಡುವೆ ಬಂತು. ಕಂಪನಿ ಪ್ಯಾಡ್ ಆರ್ಡರ್ ಮಾಡಿದೀನಿ. ಹಾಕೋದು ಹೇಗೆ? ಹಳೇದು ಎಳೆದ್ರೆ ಕಿತ್ತು ಬರುತ್ತಾ?

ಎಸ್‌ಪಿ_ರೋಡ್_ಸೋಲ್ಡರ್
ಪ್ಯಾಡಿನ ಹಿಂದೆ ತೆಳು ಅಂಚು ಇದೆ, ಅದು ಕಪ್ಪಿನ ತುಟಿಯೊಳಗೆ ಸಿಕ್ಕಿಸಿರೋದು, ಅಂಟಿಲ್ಲ. ಒಂದು ಮೂಲೆಯಿಂದ ಬೆರಳು ತೂರಿಸಿ ಬಿಡಿಸ್ತಾ ಬನ್ನಿ. ಹೊಸದನ್ನ ಕೆಳಗಿನ ಅಂಚಿಂದ ಶುರು ಮಾಡಿ, ಹೆಬ್ಬೆರಳಲ್ಲಿ ಹಿಡ್ಕೊಂಡು ಸೈಕಲ್ ಟೈರ್ ಏರಿಸೋ ಹಾಗೆ ಸುತ್ತ ಎಳೀತಾ ಹೋಗಿ. ಕೊನೆಯ ಎರಡಿಂಚು ಹಟ ಮಾಡುತ್ತೆ, ಅಲ್ಲಿ ಹಳೇ ಎಟಿಎಂ ಕಾರ್ಡಿನ ಮೂಲೆ ಬಳಸಿ. ಸ್ಕ್ರೂಡ್ರೈವರ್ ಜಾರಿದ್ರೆ ಡ್ರೈವರ್ ತೂತು.

ಎಡಗಿವಿ_ಬಲಗಿವಿ
ಒಳಗೆ ತೆಳ್ಳಗೆ ಫೋಮ್ ಥರ ಕಾಣ್ತಿದೆ, ಅದಕ್ಕೂ ಹೊಟ್ಟು ಅಂಟಿದೆ. ಕಿತ್ತು ಬಿಸಾಕ್ಲಾ?

ಡೆಸಿಬೆಲ್_ದಾಸ
ಮುಟ್ಟಬೇಡಿ! ಟ್ರೆಬಲ್ ಹದ ಮಾಡೋದರಲ್ಲಿ ಅದರ ಪಾಲೂ ಇದೆ. ಹೊಟ್ಟನ್ನ ಸೆಲ್ಲೋಟೇಪಿನ ಅಂಟು ಕಡೆಯಿಂದ ಮೆಲ್ಲಗೆ ಎತ್ತಿ, ಕಪ್ ಕೆಳಮುಖ ಮಾಡಿಕೊಂಡು. ಊದಬೇಡಿ, ಒಳಕ್ಕೆ ಹೋಗುತ್ತೆ.